ಬತೂಲ್ ಹೊಗೆಗೆ ಕೂತ ಮಧ್ಯಾಹ್ನ

ನಮ್ಮೂರಲ್ಲಿ ಯಾರ ಗಂಡ ಮನೆಗೆ ಬಂದಿದ್ದಾನೆ, ಯಾರ ಗಂಡ ಇನ್ನೂ ಹೊರದೇಶದಲ್ಲೇ ಇದ್ದಾನೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂಜೆ ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಮೂಗೇ ಎಲ್ಲ ಹೇಳುತ್ತಿತ್ತು. ಗಂಡ ಜೊತೆಗಿರುವ ಹೆಂಗಸು ಅಂಗಳದ ಮೂಲೆಯ ಗುಂಡಿಯಲ್ಲಿ ತಲ್ಹ ಎಂಬ ಜಾಲಿ ಕಟ್ಟಿಗೆಯನ್ನು ಹೊಗೆಯಾಡಿಸಿ, ಅದರ ಮೇಲೆ ಉಣ್ಣೆಯ ಕಂಬಳಿ ಹೊದ್ದು ಕೂತು, ಮೈಯೆಲ್ಲ ಬೆವರಿ, ಜೇನಿನ ಬಣ್ಣಕ್ಕೆ ತಿರುಗಿ ಏಳುತ್ತಿದ್ದಳು. ಗಂಡ ದೂರ ಹೋದವಳು ಹೊಗೆಗೆ ಕೂರುತ್ತಿರಲಿಲ್ಲ. ಕೂತರೆ ಯಾರಿಗಾಗಿ ಎಂಬ ಪ್ರಶ್ನೆ ಏಳುತ್ತಿತ್ತು, ಆ ಪ್ರಶ್ನೆಗೆ ಉತ್ತರವನ್ನೂ ಊರಿನವರೇ ಒದಗಿಸಿಕೊಡುತ್ತಿದ್ದರು. ಬೇರೆಯವರ ಮನೆಯ ವಿಚಾರದಲ್ಲಿ ನಮ್ಮವರು ಅಷ್ಟು ಉದಾರಿಗಳು.

ಬತೂಲಳ ಗಂಡ ಅವದ್ ಸಮುದ್ರ ದಾಟಿ ಜಿದ್ದಾಕ್ಕೆ ಹೋಗಿ ವರ್ಷಗಳೇ ಆಗಿದ್ದವು. ನೈಲ್ ನದಿ ಉಕ್ಕಿ ಕೆಳಗಿನ ಖರ್ಜೂರದ ಸಾಲನ್ನು ಕೊಚ್ಚಿಕೊಂಡು ಹೋದ ವರ್ಷ ಅವನು ಹೊರಟದ್ದು. ಹೊಸತರಲ್ಲಿ ಬಟ್ಟೆ ಬಂತು, ರೇಡಿಯೋ ಬಂತು. ಆಮೇಲೆ ಬಂದು ಹೋಗುವವರ ಕೈಯಲ್ಲಿ ಸಲಾಮು ಮಾತ್ರ ಬಂತು. ಆಮೇಲೆ ಅದೂ ನಿಂತಿತು. ಈಗ ಆ ಮಣ್ಣಿನ ಮನೆಯಲ್ಲಿದ್ದವರು ಬತೂಲ್ ಮತ್ತು ಅವಳ ಅತ್ತೆ ಸಿತ್ತನಾ, ಇಬ್ಬರೇ.

ಬತೂಲ್ ಊರಿನ ಮದುವಣಗಿತ್ತಿಯರಿಗೆಲ್ಲ ದಿಲ್ಕಾ ಎಂಬ ಮೈಯುಜ್ಜುವ ಉಂಡೆ ಮಾಡಿಕೊಡುತ್ತಿದ್ದಳು. ಜೋಳದ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಗಂಧದ ಪುಡಿ, ಲವಂಗ, ಕುಟ್ಟಿದ ಚೆರಿ ಬೀಜ ಸೇರಿಸಿ ನಾದುವುದು. ಮರದ ಬೋಗುಣಿಯ ಒಳಮೈಗೆ ಅದನ್ನು ರೊಟ್ಟಿಯ ಹಾಗೆ ತಟ್ಟುವುದು. ಬೋಗುಣಿಯನ್ನು ತಲ್ಹ ಕಟ್ಟಿಗೆಯ ಹೊಗೆಯ ಮೇಲೆ ಕವುಚಿ ಹಾಕುವುದು. ಹಿಟ್ಟು ಹೊಗೆ ಕುಡಿದು ಕಂದು ಬಣ್ಣಕ್ಕೆ ಬಂದ ಮೇಲೆ ಕೆರೆದು ತೆಗೆದು, ಎಣ್ಣೆ ಹಾಕಿ ಮತ್ತೆ ನಾದಿ ಮತ್ತೆ ತಟ್ಟುವುದು. ದಿನಗಟ್ಟಲೆ ಇದೇ ಕೆಲಸ. ಕೊನೆಗೆ ಸಿಗುವ ಉಂಡೆಯನ್ನು ಮೈಗೆ ಉಜ್ಜಿದರೆ ಬಿಸಿಲು, ಧೂಳು, ಹಳೆಯ ಚರ್ಮ ಎಲ್ಲ ಸುರುಳಿ ಸುರುಳಿಯಾಗಿ ಉದುರಿ, ಒಳಗಿನಿಂದ ಹೊಸ ಹುಡುಗಿ ಎದ್ದು ಬರುತ್ತಾಳೆ ಎಂದು ಹೆಂಗಸರು ಹೇಳುತ್ತಿದ್ದರು. ಅದು ಸುಳ್ಳಲ್ಲ.

ಆದರೆ ಆ ಉಂಡೆಯ ಒಂದು ಚೂರನ್ನೂ ಬತೂಲ್ ತನ್ನ ಮೈಗೆ ತಾಗಿಸಿಕೊಂಡವಳಲ್ಲ. ಕೆಲಸ ಮುಗಿದ ಮೇಲೆ ಹೊಳೆಯಂಚಿಗೆ ಹೋಗಿ, ಬೋರೆ ಎಲೆಯನ್ನು ಅರೆದ ನೊರೆಯಿಂದ, ಬೂದಿಯಿಂದ, ಕೊನೆಗೆ ನಿಂಬೆಯ ಸಿಪ್ಪೆಯಿಂದ ಮೊಣಕೈವರೆಗೂ ತಿಕ್ಕಿ ತೊಳೆದುಕೊಳ್ಳುತ್ತಿದ್ದಳು. ಲವಂಗದ ವಾಸನೆ ಹೋಗುವ ಹೊತ್ತಿಗೆ ಚರ್ಮವೂ ಅರ್ಧ ಹೋಗಿರುತ್ತಿತ್ತು. ಊರಿಗೆಲ್ಲ ಪರಿಮಳ ಹಂಚುವವಳ ಕೈ ಬೂದಿಯ ವಾಸನೆ ಹೊಡೆಯುತ್ತಿತ್ತು. ಕಾಯುವ ಹೆಂಡತಿ ಇರಬೇಕಾದದ್ದು ಹಾಗೆ.

ಈ ವಿದ್ಯೆ ಕಲಿಸಿದವಳು ಅತ್ತೆ ಸಿತ್ತನಾಳೇ. ಅವಳ ಕಣ್ಣು ಪೂರ್ತಿ ಹೋಗಿತ್ತು, ಆದರೆ ಮೂಗು ಇನ್ನೂ ಕೆಲಸಕ್ಕಿತ್ತು. ಜಗಲಿಯ ಹಗ್ಗದ ಮಂಚದ ಮೇಲೆ ಮಲಗಿಕೊಂಡೇ, ಇವತ್ತು ಚೆರಿ ಬೀಜ ಹಳೆಯದು ಹಾಕಿದೀಯ, ಕಟ್ಟಿಗೆ ಹಸಿ ಇದೆ, ಬಾಗಿಲಲ್ಲಿ ನಿಂತಿರೋದು ನಿಮಾತ್ ಅಲ್ವಾ, ಅವಳು ಬೆಳಿಗ್ಗೆ ಈರುಳ್ಳಿ ಹೆಚ್ಚಿದ್ದಾಳೆ, ಎಂದೆಲ್ಲ ಹೇಳಿಬಿಡುತ್ತಿದ್ದಳು. ಅವಳಿದ್ದ ಮನೆಯಲ್ಲಿ ಗುಟ್ಟು ಎಂಬುದು ಉಳಿಯುವುದು ಕಷ್ಟವಾಗಿತ್ತು.

ಆದರೂ ಬತೂಲ್ ಒಂದು ಗುಟ್ಟನ್ನು ಅವಳಿಂದ ಬಚ್ಚಿಟ್ಟಿದ್ದಳು. ಶೆಂದಿ ಪಟ್ಟಣದಿಂದ ಪ್ರತಿ ಗುರುವಾರ ಲಾರಿ ತರುವ ಖಿದಿರ್, ಎರಡು ವರ್ಷದ ಹಿಂದೆ ಅಂಗಡಿಯ ಕಟ್ಟೆಯಲ್ಲಿ ಕೂತು, ಅವದ್‌ಗೆ ಜಿದ್ದಾದಲ್ಲಿ ಮನೆಯಿದೆ, ಯೆಮನ್ ದೇಶದ ಹೆಂಡತಿ ಇದ್ದಾಳೆ, ಮಕ್ಕಳೂ ಆಗಿವೆ ಎಂದು ಹೇಳಿದ್ದ. ಸಕ್ಕರೆ ಕಟ್ಟಿಸಿಕೊಳ್ಳುತ್ತಿದ್ದ ಬತೂಲ್ ಅದನ್ನು ತನ್ನ ಕಿವಿಯಾರೆ ಕೇಳಿದ್ದಳು. ಸಕ್ಕರೆ ತೆಗೆದುಕೊಂಡು ಮನೆಗೆ ಬಂದು ಹಿಟ್ಟು ನಾದಲು ಕೂತಿದ್ದಳು. ಅತ್ತೆಗೆ ಹೇಳಲಿಲ್ಲ. ಊರಿನವರೂ ಮುದುಕಿಯ ಎದುರು ಬಾಯಿಗೆ ಬೀಗ ಹಾಕಿಕೊಂಡರು. ನಮ್ಮೂರಿನ ಇತಿಹಾಸದಲ್ಲಿ ಅಂಥ ಬೀಗ ಬಿದ್ದದ್ದು ಅದೊಂದೇ ಸಲ ಇರಬೇಕು.

ಮುದುಕಿ ಮಾತ್ರ ಗುರುವಾರ ಬಂತೆಂದರೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಒಗೆದ ಬಟ್ಟೆ ಉಟ್ಟು, "ಟೀಗೆ ಒಂದ್ ಲೋಟ ನೀರು ಜಾಸ್ತಿ ಇಡು ಕಣೇ. ಬಂದ್ರೆ ಬರ್ತಾನೆ," ಎನ್ನುತ್ತಿದ್ದಳು. ಬತೂಲ್ ಇಡುತ್ತಿದ್ದಳು. ಆ ಒಂದು ಲೋಟ ನೀರಿನ ಮೇಲೆ ಮುದುಕಿಯ ಜೀವ ನಿಂತಿತ್ತು. ಬತೂಲಳ ನೆಲೆಯೂ ಅದರ ಮೇಲೇ ನಿಂತಿತ್ತು. ಅವಳಿಗೆ ತವರು ಇರಲಿಲ್ಲ, ಮನೆಯ ಜಾಗ ಅವದ್‌ನ ಚಿಕ್ಕಪ್ಪ ಹಾಜ್ ತಯ್ಯಿಬನದು. ಕಾಯುತ್ತಿರುವ ಸೊಸೆ ಎಂಬ ಒಂದು ಹೆಸರಿನಿಂದ ಅವಳು ಅಲ್ಲಿದ್ದಳು. ಆ ಹೆಸರಿಗೆ ಮಸಿ ಹತ್ತಿದರೆ ಗೋಣಿಚೀಲ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆ ದಿನ ಪಕ್ಕದ ಮನೆಯ ನಿಮಾತ್ ತನ್ನ ಮಗಳ ಮದುವೆಯ ದಿಲ್ಕಾ ಒಯ್ಯಲು ಬಂದಿದ್ದಳು. ದಪ್ಪ ಹೆಂಗಸು, ದೊಡ್ಡ ಬಾಯಿ, ಕೆಟ್ಟವಳಲ್ಲ. ಬೋಗುಣಿಯ ಬಟ್ಟೆ ಸರಿಸಿ ಮೂಗು ಒಳಗಿಟ್ಟು ಕಣ್ಣು ಮುಚ್ಚಿದಳು.

"ಅಯ್ಯೋ ಬತೂಲ್! ಇದನ್ನ ಮಗಳಿಗೆ ಕೊಡೋ ಬದ್ಲು ನಾನೇ ಇನ್ನೊಂದ್ ಮದುವೆ ಆಗೋಣ ಅನ್ನಿಸ್ತಿದೆ."

"ಆಗಿ. ನಿಮ್ಮೆಜಮಾನ್ರಿಗೂ ಒಂದ್ ಉಂಡೆ ಕೊಡ್ತೀನಿ, ದುಃಖ ಮರೀಲಿ."

"ಅವ್ನಿಗೆ ಮರೆಯೋಕೆ ದುಃಖ ಆದ್ರೂ ಆಗ್ಬೇಕಲ್ಲ!" ನಿಮಾತ್ ಮೈ ಕುಲುಕಿಸಿ ನಕ್ಕಳು. ಆಮೇಲೆ ಬತೂಲಳ ಪಾದದತ್ತ ಕಣ್ಣು ಹೋಯಿತು. "ಏನೇ ಅದು ಹಿಮ್ಮಡಿ? ಬರಗಾಲದ ಗದ್ದೆ ಆದಂಗಾಗಿದೆ. ಊರ್ಗೆಲ್ಲಾ ಮಾಡ್ತೀಯ, ನಿಂದೇ ಮೈ ನೋಡ್ಕೊಳ್ಳೋದ್ ಬೇಡ್ವಾ?"

"ಯಾರ್ ನೋಡ್ಬೇಕು ಬಿಡಿ," ಎಂದಳು ಬತೂಲ್.

ತಮಾಷೆಗೆ ಹೇಳಿದ ಮಾತು. ಆದರೆ ಹೇಳಿದ ಮೇಲೆ ನಿಮಾತಳ ಮುಖದಲ್ಲಿ ಮೂಡಿದ ಕನಿಕರವನ್ನು ನೋಡಿ ಬತೂಲ್ ಹಿಮ್ಮಡಿಯನ್ನು ಬಟ್ಟೆಯಡಿಗೆ ಎಳೆದುಕೊಂಡಳು. ನಿಮಾತ್ ಬೋಗುಣಿ ಎತ್ತಿಕೊಂಡಳು. "ನಾನ್ ಕೊಟ್ಟಿದ್ ಕಟ್ಟಿಗೇಲಿ ನಾಲ್ಕ್ ತುಂಡು ಉಳ್ದಿದೆ. ಮುಂದಿನ್ ಮದುವೆಗೆ ಇಟ್ಕೋ," ಎಂದು ಹೇಳಿ ಹೊರಟುಹೋದಳು.

ಮಧ್ಯಾಹ್ನ ಏರಿತು. ಬಿಸಿಲಿಗೆ ಓಣಿ ಬೆಳ್ಳಗಾಗಿ, ಕತ್ತೆಗಳು ಗೋಡೆಯ ನೆರಳಿಗೆ ಬೆನ್ನು ಒತ್ತಿ ನಿಂತವು. ಹೊಳೆಯ ಆಚೆ ದಡ ಆವಿಯಲ್ಲಿ ಕರಗಿ, ಇದ್ದೂ ಇಲ್ಲದಂತಾಯಿತು. ಜಗಲಿಯಲ್ಲಿ ಸಿತ್ತನಾ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಹಿಂದಿನ ವಾರದ ಮರಳು ಬಿರುಗಾಳಿಗೆ ಅವಳಿಗೆ ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿಕೊಂಡಿತ್ತು. ಈರುಳ್ಳಿಯ ವಾಸನೆ ಕೂಡ ಗೊತ್ತಾಗುತ್ತಿಲ್ಲ, ಸತ್ತಂಗಾಗಿದೆ, ಎಂದು ಬೆಳಿಗ್ಗೆಯಿಂದ ಗೊಣಗಿದ್ದಳು.

ಬತೂಲ್ ಉಳಿದ ಕಟ್ಟಿಗೆಯ ತುಂಡುಗಳನ್ನು ಕೈಯಲ್ಲಿ ಹಿಡಿದು ಅಂಗಳದ ನಡುವೆ ನಿಂತಳು. ಎಷ್ಟು ಹೊತ್ತು ನಿಂತಳೋ. ಅವಳ ಮನಸ್ಸಿನಲ್ಲಿ ಯಾರೂ ಇರಲಿಲ್ಲ. ಅವದ್ ಇರಲಿಲ್ಲ, ಬೇರೆ ಗಂಡಸಂತೂ ಇರಲಿಲ್ಲ. ಬಹಳ ದಿನ ಉಪವಾಸವಿದ್ದವರಿಗೆ ಅನ್ನದ ನೆನಪಾದ ಹಾಗೆ ತನ್ನ ಮೈಯ ನೆನಪಾಯಿತು, ಅಷ್ಟೇ.

ಹೇಗೂ ಈ ಅಂಗಳದಲ್ಲಿ ದಿನವೂ ಹೊಗೆ ಏಳುತ್ತದೆ, ಇವತ್ತಿನ ಹೊಗೆಯನ್ನು ಬೇರೆ ಮಾಡಿ ನೋಡುವವರು ಯಾರು ಎಂದುಕೊಂಡಳು. ಅತ್ತೆಯ ಮೂಗು ಕಟ್ಟಿದೆ. ಸಂಜೆಯೊಳಗೆ ಬೋರೆ ಎಲೆ ತಿಕ್ಕಿ ತೊಳೆದುಕೊಂಡರೆ ಮುಗಿಯಿತು. ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ಕೈಗೆ ಹತ್ತಿದ್ದು ತೊಳೆದರೆ ಹೋಗುತ್ತದೆ, ಮೈಯೊಳಗೆ ಇಳಿದದ್ದು ಹೋಗುವುದಿಲ್ಲ ಎಂಬುದನ್ನು ಮದುವಣಗಿತ್ತಿಯರಿಗೆಲ್ಲ ಹೇಳಿಕೊಡುತ್ತಿದ್ದವಳು ಆ ಹೊತ್ತಿಗೆ ತಾನೇ ಮರೆತಳು.

ಅಡುಗೆಮನೆಯ ಹಿಂದೆ ಅವಳ ಮದುವೆಯ ವರ್ಷ ಅಗೆದ ಗುಂಡಿ ಇತ್ತು. ಮೇಲಿನ ಚಾಪೆ ಎತ್ತಿದರೆ ಒಳಗೊಂದು ಕೋಳಿ ಮೊಟ್ಟೆಗಳ ಮೇಲೆ ಕೂತಿತ್ತು. ಅದು ಕತ್ತು ಓರೆ ಮಾಡಿ, ಇದು ನನ್ನ ಮನೆ, ನಿನಗೇನು ಕೆಲಸ ಎನ್ನುವಂತೆ ನೋಡಿತು.

"ಎದ್ದೇಳೇ ತಾಯಿ," ಎಂದು ಬತೂಲ್ ಪಿಸುಗುಟ್ಟಿದಳು. "ಒಂದ್ ಮಧ್ಯಾಹ್ನದ ಮಟ್ಟಿಗೆ ಬಿಟ್ಕೊಡು." ಕೋಳಿ ಬೈಯುತ್ತಲೇ ಎದ್ದುಹೋಯಿತು. ಮೊಟ್ಟೆಗಳನ್ನು ಬುಟ್ಟಿಗೆ ಹಾಕಿ, ಕೆಂಡ ತಂದು, ಅದರ ಮೇಲೆ ತಲ್ಹ ತುಂಡುಗಳನ್ನಿಟ್ಟಳು. ಒಂದು ಚೂರು ಗಂಧದ ಚಕ್ಕೆಯನ್ನೂ ಎರಡು ಲವಂಗವನ್ನೂ ಇಟ್ಟಳು. ಮೈಗೆ ಸುತ್ತಿದ್ದ ತೋಬ್ ಬಟ್ಟೆ ಬಿಚ್ಚಿ ಗೂಟಕ್ಕೆ ಹಾಕಿ, ಎಳ್ಳೆಣ್ಣೆ ಹಚ್ಚಿಕೊಂಡು, ಹಳೆಯ ಉಣ್ಣೆಯ ಕಂಬಳಿಯನ್ನು ಕತ್ತಿನವರೆಗೂ ಹೊದ್ದು, ನಡುವೆ ತೂತಿರುವ ಚಾಪೆಯ ಮೇಲೆ ಕೂತಳು.

ಮೊದಲು ಉರಿ ತಾಗಿತು. ಆಮೇಲೆ ಬೆವರು ಮೂಡಿತು. ಆಮೇಲೆ ಹೊಗೆ ಕಂಬಳಿಯೊಳಗೆ ನಿಧಾನವಾಗಿ ಮೇಲೇರಿ ಅವಳ ತೊಡೆಯನ್ನು, ಹೊಟ್ಟೆಯನ್ನು, ಬೆನ್ನನ್ನು ಸುತ್ತಿಕೊಂಡಿತು. ಬತೂಲ್ ಕಣ್ಣು ಮುಚ್ಚಿದಳು.

ಹೊಳೆಯ ಸದ್ದು ಹತ್ತಿರ ಬಂದಂತಾಯಿತು. ನೀರು ಅಂಗಳಕ್ಕೆ ಬಂದು ಬಾಗಿಲ ಬಳಿ ನಿಂತು ಒಳಗೆ ಬರಲೇ ಎಂದು ಕೇಳುತ್ತಿತ್ತು. ಬಾ ಎಂದಳು. ಬೆಚ್ಚಗಿನ ನೀರು ಬಂದು ಅವಳನ್ನು ಕೂತಲ್ಲಿಂದ ಮೆಲ್ಲನೆ ಎತ್ತಿತು. ಖರ್ಜೂರದ ಮರಗಳು ನೀರಿನಲ್ಲಿ ಮೊಣಕಾಲು ಮುಳುಗಿಸಿ ನಿಂತು ದಾರಿ ಬಿಟ್ಟವು. ಅವಳು ತೇಲಿದಳು. ಗಂಡನ ಮುಖವನ್ನು ನೆನಪಿಸಿಕೊಳ್ಳಬೇಕಲ್ಲವೇ ಎಂದು ಎಲ್ಲೋ ಒಂದು ಮಾತು ಹೊಳೆಯಿತು. ನೆನಪಿಸಿಕೊಳ್ಳಲು ಹೋದರೆ ಲಾರಿಯ ಖಿದಿರನ ಮೀಸೆ ಬಂದು ಕೂತಿತು. ಅವಳಿಗೆ ನಗು ಬಂತು. ಮೀಸೆಯನ್ನು ತೆಗೆದುಹಾಕಿದರೆ ಕೆಳಗೆ ಯಾವ ಮುಖವೂ ಇರಲಿಲ್ಲ, ಬರೀ ಬಿಳಿ ಆಕಾಶವಿತ್ತು. ಮುಖ ಕಳೆದುಹೋಗಿದ್ದಕ್ಕೆ ದುಃಖವಾಗುತ್ತದೆ ಎಂದು ಕಾದಳು. ಆಗಲಿಲ್ಲ.

ಆಮೇಲೆ ತಾಯಿಯ ಪೆಟ್ಟಿಗೆಯ ವಾಸನೆ ಬಂತು. ಅವಳು ಚಿಕ್ಕವಳಿದ್ದಾಗಲೇ ತೀರಿಹೋದ ತಾಯಿಯ ಪೆಟ್ಟಿಗೆ. ಮುಚ್ಚಳ ತೆರೆದು ಒಳಗೆ ತಲೆಯಿಟ್ಟು ಮಲಗುತ್ತಿದ್ದ ಹುಡುಗಿಯೊಬ್ಬಳು ಅಲ್ಲೇ ಹತ್ತಿರದಲ್ಲಿದ್ದಳು, ಅವಳ ಕೂದಲಲ್ಲಿ ಕಿತ್ತಳೆ ಸಿಪ್ಪೆಯ ಎಣ್ಣೆ ಇತ್ತು. ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಬತೂಲ್ ಕೇಳಿದಳು. ಇಲ್ಲೇ ಇದ್ದೆನಲ್ಲ, ನೀನೇ ದಿನಾ ಬೂದಿ ಹಾಕಿ ತಿಕ್ಕುತ್ತಿದ್ದೆ, ಎಂದಳು ಹುಡುಗಿ. ಬತೂಲಳಿಗೆ ಅಳು ಬಂತು, ಬೆವರಿನ ಜೊತೆಗೇ ಇಳಿದುಹೋಯಿತು. ಬಹಳ ಸುಖವಾಗಿತ್ತು. ಅವಳ ಇಡೀ ಮದುವೆಯಲ್ಲಿ ಅಂಥ ಸುಖ ಅವಳಿಗೆ ಸಿಕ್ಕಿರಲಿಲ್ಲ.

ಹೊತ್ತು ಇಳಿಯುವಾಗ ಎದ್ದಳು. ಕೆಂಡ ಬೂದಿಯಾಗಿತ್ತು. ಕೈಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಚರ್ಮ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ತೊಟ್ಟಿಯ ನೀರಿಗೆ ಬೋರೆ ಎಲೆ ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ನಿಂಬೆ ಹಚ್ಚಿದಳು. ತೊಳೆದಷ್ಟೂ ವಾಸನೆ ಸಿಹಿಯಾಗಿ, ಆಳದಿಂದ ಎದ್ದು ಬಂತು. ಆಗ ಅವಳಿಗೆ ತನ್ನದೇ ಮಾತು ನೆನಪಾಯಿತು. ಮೂರು ದಿನ ಸೋಪು ಹಾಕಿದ್ರೂ ಹೋಗಲ್ಲ ಕಣಮ್ಮ, ಹೆದರ್ಬೇಡ, ಎಂದು ಹೋದ ವಾರವಷ್ಟೇ ನಿಮಾತಳ ಮಗಳಿಗೆ ಹೇಳಿದವಳು ತಾನೇ.

ಇನ್ನೂ ಒದ್ದೆ ಕೂದಲಿನಲ್ಲೇ ಅಂಗಳಕ್ಕೆ ಬಂದಳು. ಸಿತ್ತನಾ ಮಂಚದ ಮೇಲೆ ಎದ್ದು ಕೂತಿದ್ದಳು. ಮಧ್ಯಾಹ್ನವಿಡೀ ಜಗಲಿಯತ್ತ ಹರಿದ ಲವಂಗದ ಹೊಗೆ ಮುದುಕಿಯ ನೆಗಡಿಯನ್ನು ಬುಡಸಮೇತ ಕಿತ್ತುಹಾಕಿತ್ತು. ಅವಳು ಕತ್ತೆತ್ತಿ, ಮೂಗಿನ ಹೊಳ್ಳೆ ಅರಳಿಸಿ, ಗಾಳಿಯನ್ನು ಎಳೆದುಕೊಳ್ಳುತ್ತಿದ್ದಳು.

"ಬತೂಲ್," ಎಂದಳು. "ಇಲ್ಲಿ ಬಾ."

ಬತೂಲ್ ಹೋಗಲಿಲ್ಲ. ನಿಂತಲ್ಲೇ ನಿಂತಳು.

"ಅವದ್ ಬಂದ್ನಾ?"

ಇಲ್ಲ ಅನ್ನಬೇಕಾಗಿತ್ತು. ಒಂದೇ ಮಾತು. ಆದರೆ ಆ ಕುರುಡು ಮುಖ ಒಂದೇ ಕ್ಷಣದಲ್ಲಿ ಅಷ್ಟು ಬೆಳಗಿದ್ದನ್ನು ಬತೂಲ್ ಹಿಂದೆಂದೂ ನೋಡಿರಲಿಲ್ಲ. ಮುದುಕಿ ಆ ಮೌನವನ್ನು ನಾಚಿಕೆ ಎಂದು ತಿಳಿದಳು.

"ನಾನ್ ಮಲ್ಗಿದ್ದಾಗ ಬಂದ್ನಾ? ಎಬ್ಸೋದ್ ಬೇಡ ಅಂದ್ನಾ ಕಳ್ಳ? ಒಳಗ್ ಮಲಗಿದಾನಾ? ಮಲಗ್ಲಿ, ಮಲಗ್ಲಿ, ದೂರದ್ ದಾರಿ..." ಎಂದವಳೇ ತಲೆಯನ್ನು ಹಿಂದಕ್ಕೆ ಎಸೆದು, ನಾಲಿಗೆ ಆಡಿಸುತ್ತಾ, ಮದುವೆ ಮನೆಯಲ್ಲಿ ಎಳೆಯುವ ಹರ್ಷದ ಕೂಗು ಎಳೆದಳು. ಅಷ್ಟು ಒಣಗಿದ ಎದೆಯಿಂದ ಅಷ್ಟು ಉದ್ದದ ಕೂಗು ಹೇಗೆ ಬಂತೋ. ಓಣಿಯ ಆ ತುದಿಯಿಂದ ಒಂದು ಕೂಗು ಉತ್ತರ ಕೊಟ್ಟಿತು. ಪಕ್ಕದ ಅಂಗಳದಿಂದ ಇನ್ನೊಂದು ಎದ್ದಿತು.

"ಅತ್ತೆ, ಬೇಡಿ, ಅತ್ತೆ..." ಎಂದು ಬತೂಲ್ ಓಡಿಬಂದು ಅವಳ ಕೈ ಹಿಡಿಯುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತ್ತು.

ಮೊದಲು ನಿಮಾತ್ ಬಂದಳು, ಸೆರಗಿನಲ್ಲಿ ಸಕ್ಕರೆ ಗಂಟು. ಹಿಂದೆ ಅವಳ ಮನೆಗೆ ಬಂದಿದ್ದ ನೆಂಟರ ಹಿಂಡು. ಅದರ ಹಿಂದೆ ಇಳಿಹೊತ್ತಿನ ಅಸರ್ ನಮಾಜಿಗೆ ಹೊರಟಿದ್ದ ಹಾಜ್ ತಯ್ಯಿಬ್, ಬಿಳಿ ರುಮಾಲು, ಕೈಯಲ್ಲಿ ಕೋಲು. ಅವನೊಂದಿಗೆ ಇನ್ನೂ ನಾಲ್ಕಾರು ಗಂಡಸರು. ನೋಡುತ್ತಿದ್ದಂತೆ ಅಂಗಳ ತುಂಬಿತು. ಯಾರೋ ಅಲ್ಹಮ್ದುಲಿಲ್ಲಾ ಎಂದರು, ಯಾರೋ ಕುರಿ ತರಲು ಕಳಿಸಿ ಎಂದರು.

"ಎಲ್ಲಮ್ಮಾ ನಮ್ಮುಡ್ಗ?" ಎಂದ ತಯ್ಯಿಬ್, ಇಷ್ಟಗಲ ನಗುತ್ತ. "ಇವತ್ತು ಗುರುವಾರ ಕೂಡ ಅಲ್ವಲ್ಲ, ಯಾವುದ್ರಲ್ಲಿ ಬಂದ?"

ನಿಮಾತ್ ಅಷ್ಟರಲ್ಲಿ ಬತೂಲಳನ್ನು ತಬ್ಬಿಕೊಂಡಿದ್ದಳು. ತಬ್ಬಿದವಳು ಅವಳ ಕತ್ತಿನ ವಾಸನೆ ಎಳೆದು ಕಿವಿಯಲ್ಲಿ, "ಭೇಷ್ ಕಣೇ! ನಾಲ್ಕೇ ತುಂಡಲ್ಲಿ ಇಷ್ಟ್ ಘಮ?" ಎಂದು ಕಿಲಕಿಲ ನಕ್ಕಳು. ಆಮೇಲೆ ಬತೂಲಳ ಮುಖ ನೋಡಿದಳು. ನಗು ಅರ್ಧಕ್ಕೆ ನಿಂತಿತು.

"ಬಂದಿಲ್ಲ," ಎಂದಳು ಬತೂಲ್.

"ಏನು?"

"ಅವ್ರು ಬಂದಿಲ್ಲ. ಯಾರೂ ಬಂದಿಲ್ಲ."

ತಯ್ಯಿಬನ ನಗು ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಒಳಗೆ ಇಣುಕಿ ನೋಡಿ ಬಂದ ಒಬ್ಬ ಗಂಡಸು ಇಲ್ಲವೆಂದು ತಲೆಯಾಡಿಸಿದ. ತಲ್ಹದ ಪರಿಮಳ ಎಲ್ಲರ ನಡುವೆ ನಿಂತು, ತನ್ನ ಪಾಡಿಗೆ ತಾನು, ನಾಚಿಕೆಯಿಲ್ಲದೆ ಹರಡುತ್ತಿತ್ತು.

"ಹಾಗಾದ್ರೆ," ಎಂದ ತಯ್ಯಿಬ್, ಕೋಲನ್ನು ನೆಲಕ್ಕೆ ಊರಿ, "ಈ ಹೊಗೆ ಯಾರಿಗೆ?"

ಬತೂಲಳಿಗೆ ಸುಳ್ಳುಗಳು ಗೊತ್ತಿರಲಿಲ್ಲ ಎಂದಲ್ಲ. ಮಂಡಿನೋವು ಎನ್ನಬಹುದಿತ್ತು, ಸೊಂಟ ಹಿಡಿದಿದೆ ಎನ್ನಬಹುದಿತ್ತು, ಅರ್ಧ ಊರು ನಂಬಿಬಿಡುತ್ತಿತ್ತು. ಆದರೆ ಮಧ್ಯಾಹ್ನದ ಆ ಹುಡುಗಿ ಇನ್ನೂ ಹತ್ತಿರದಲ್ಲೇ ಇದ್ದ ಹಾಗಿತ್ತು. ಅವಳ ಎದುರು ಸುಳ್ಳು ಹೇಳಲು ಬತೂಲಳಿಗೆ ಮನಸ್ಸಾಗಲಿಲ್ಲ.

"ನಂಗೆ," ಎಂದಳು.

"ನಿಂಗೆ ಅಂದ್ರೆ?"

"ನಂಗೇ ಅಂತ. ಬೇರೆ ಯಾರ್ಗೂ ಅಲ್ಲ."

ಹೆಂಗಸರ ಗುಂಪಿನಲ್ಲಿ ಒಂದು ಗುಸುಗುಸು ಎದ್ದಿತು. ತನಗಾಗಿ ಹೊಗೆಗೆ ಕೂತ ಹೆಂಗಸನ್ನು ನಮ್ಮೂರು ಕಂಡಿರಲಿಲ್ಲ. ಕಂಡಿರದೆ ಇದ್ದದ್ದನ್ನು ನಂಬುವ ಅಭ್ಯಾಸವೂ ಇರಲಿಲ್ಲ. ನೆಂಟರ ಪೈಕಿ ಒಬ್ಬಳು, "ಹೌದಮ್ಮಾ, ಹೌದು. ಕನ್ನಡಿ ಮುಂದೆ ಕೂತ್ಕೊಳ್ಳೋಕೆ," ಎಂದು ಕೊಂಕು ನುಡಿದಳು. ನಿಮಾತ್ ಅವಳ ಕಡೆ ತಿರುಗಿ ಕಣ್ಣು ಬಿಟ್ಟಳು, ಆದರೆ ಬತೂಲಳ ಪರವಾಗಿ ಬಾಯಿ ತೆರೆಯಲು ಅವಳಿಗೂ ಧೈರ್ಯ ಸಾಲಲಿಲ್ಲ.

"ನೋಡಮ್ಮ," ಎಂದ ತಯ್ಯಿಬ್. ಅವನು ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ ಮಾತಾಡಿದಾಗಲೇ ಹೆಚ್ಚು ಭಯವಾಗುತ್ತಿತ್ತು. "ಈ ಮನೆ ನನ್ನಣ್ಣನ ಮಗನ ಮಾನ ಕಾಯೋ ಮನೆ. ಅವ್ನು ದೂರದಲ್ಲಿ ದುಡೀತಿದ್ದಾನೆ. ನೀನಿಲ್ಲಿ ಮೈಗೆ ಪರಿಮಳ ಹಚ್ಕೊಂಡು ಕೂತ್ರೆ, ಊರು ನಂಗ್ ಏನ್ ಕೇಳುತ್ತೆ? ನಾಳೆ ನಿನ್ ಸಾಮಾನು..."

"ತಯ್ಯಿಬ್."

ಕರೆದವಳು ಸಿತ್ತನಾ. ಎಲ್ಲರೂ ಅವಳನ್ನು ಮರೆತೇಬಿಟ್ಟಿದ್ದರು. ಅವಳು ಮಂಚದ ಅಂಚಿಗೆ ಸರಿದು, ಎರಡೂ ಪಾದಗಳನ್ನು ನೆಲಕ್ಕೂರಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಮುಖದಲ್ಲಿ ಆಗಿನ ಬೆಳಕಿರಲಿಲ್ಲ.

"ಹೊಗೆಗೆ ಕೂರು ಅಂತ ನಾನೇ ಹೇಳಿದ್ದು," ಎಂದಳು.

ಬತೂಲ್ ಬೆಚ್ಚಿ ಅವಳತ್ತ ನೋಡಿದಳು.

"ನೀನ್ ಹೇಳ್ದಾ?" ತಯ್ಯಿಬ್ ಹುಬ್ಬೇರಿಸಿದ. "ಅತ್ತಿಗೆ, ಈಗಷ್ಟೇ ನೀನೇ ಮಗ ಬಂದ ಅಂತ ಕೂಗಿ ನಮ್ಮನ್ನೆಲ್ಲ ಕರೆಸ್ದೆ."

"ಮುದುಕಿ ಕಣಪ್ಪಾ. ನಿದ್ದೆಯಿಂದ ಎದ್ದೆ, ಹೇಳಿದ್ದೇ ಮರೆತೋಗಿತ್ತು. ನಿಂಗೂ ವಯಸ್ಸಾಗುತ್ತೆ, ಆಗ ನೋಡ್ತೀಯಂತೆ."

"ಸರಿ. ಆದ್ರೆ ಗಂಡ ಊರಲ್ಲಿಲ್ಲದ ಸೊಸೆಗೆ ಹೊಗೆಗೆ ಕೂರು ಅಂತ ಯಾವ ಅತ್ತೆ ಹೇಳ್ತಾಳೆ?"

ಸಿತ್ತನಾಳ ಕೈ ಮಂಚದ ಹಗ್ಗವನ್ನು ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಿತು. ಉತ್ತರ ಒಂದೇ ಇತ್ತು. ಅದನ್ನು ಹೇಳಿದರೆ ಬತೂಲ್ ಉಳಿಯುತ್ತಿದ್ದಳು, ಹೇಳಿದ ಮೇಲೆ ಮುದುಕಿಗೆ ಏನೂ ಉಳಿಯುತ್ತಿರಲಿಲ್ಲ. ಬತೂಲಳಿಗೆ ಅದು ತಟ್ಟನೆ ಅರ್ಥವಾಯಿತು. ಬೇಡಿ ಅತ್ತೆ, ಹೇಳಬೇಡಿ, ನಾನು ಹೋಗುತ್ತೇನೆ, ಎಂದು ಕೂಗಬೇಕೆನ್ನಿಸಿತು. ಬಾಯಿ ತೆರೆದಳು.

"ಅವ್ನು ಬರಲ್ಲ," ಎಂದಳು ಸಿತ್ತನಾ.

"ನನ್ ಮಗ ಬರಲ್ಲ. ಅವ್ನಿಗೆ ಅಲ್ಲಿ ಮನೆ ಇದೆ, ಹೆಂಡ್ತಿ ಇದಾಳೆ, ಮಕ್ಕಳಿದಾವೆ. ಖಿದಿರ್ ಅಂಗಡೀಲಿ ಹೇಳ್ದ ದಿನಾನೇ ನಂಗೆ ಗೊತ್ತಾಯ್ತು. ನನ್ ಕಣ್ ಹೋಗಿದೆ, ಕಿವಿ ಹೋಗಿಲ್ಲ. ನೀವೆಲ್ಲಾ ನನ್ ಮುಂದೆ ಪಿಸಪಿಸ ಅಂತಿದ್ರಲ್ಲ, ನಿಮ್ ಪಿಸುಮಾತು ಹೊಳೆ ಆಚೆ ದಡಕ್ಕೂ ಕೇಳುತ್ತೆ. ನಾನು ಕೇಳಿಸ್ಕೊಳ್ಳಲಿಲ್ಲ, ಅಷ್ಟೇ. ಕೇಳಿಸ್ಕೊಂಡ್ರೆ ಈ ಹುಡುಗಿ ಹೊರಟೋಗ್ತಾಳೆ ಅಂತ ಭಯ ಇತ್ತು. ಅದಕ್ಕೆ ಬರ್ತಾನೆ ಬರ್ತಾನೆ ಅಂತ ಅವಳನ್ನ ಇಲ್ಲೇ ಕಟ್ಟಿಹಾಕ್ದೆ. ಸಾಕು. ಕಾಯೋ ಹೆಂಡ್ತಿ ಅಲ್ಲ ಅವ್ಳು. ಯಾರನ್ನ ಕಾಯ್ಬೇಕು? ಖಾಜಿ ಹತ್ರ ನಾನೇ ಕರ್ಕೊಂಡ್ ಹೋಗಿ ಈ ಮದುವೆಯಿಂದ ಅವ್ಳ ಬಿಡುಗಡೆ ಕೇಳ್ತೀನಿ, ತಾಯಿ ಸಾಕ್ಷಿ ಸಾಕಲ್ಲ? ಅಲ್ಲೀವರ್ಗೂ, ಆಮೇಲೂ, ಈ ಮನೇಲಿ ಅವ್ಳಿಗಿಷ್ಟ ಬಂದಾಗ ಹೊಗೆ ಏಳುತ್ತೆ. ಇನ್ ನಮಾಜಿಗೆ ಹೊತ್ತಾಯ್ತು, ಹೋಗಪ್ಪ."

ತಾಯಿಯೊಬ್ಬಳು ತನ್ನ ಬಾಯಿಂದಲೇ ಆ ಮಾತು ಆಡಿದ ಮೇಲೆ ಆ ಅಂಗಳದಲ್ಲಿ ಬೇರೆ ಯಾರ ಮಾತಿಗೂ ಜಾಗವಿರಲಿಲ್ಲ. ತಯ್ಯಿಬ್ ಕೋಲನ್ನು ಎತ್ತಿಕೊಂಡು, ತಲೆ ತಗ್ಗಿಸಿ ಹೊರಟ. ಗಂಡಸರು ಅವನ ಹಿಂದೆ ಹೋದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಮುದುಕಿಯ ತಲೆಗೆ ಮುತ್ತಿಟ್ಟು, ಸಾವಿನ ಮನೆಯಲ್ಲಿ ಹೇಳುವ ಮಾತನ್ನೇ ಗೊಣಗಿ ಹೋದರು. ನಿಮಾತ್ ಸಕ್ಕರೆ ಗಂಟನ್ನು ಒಲೆಯ ಪಕ್ಕ ಇಟ್ಟಳು. ಕೊಂಕು ನುಡಿದಿದ್ದವಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಅಂಗಳ ಬರಿದಾಯಿತು. ಹೊಳೆಯ ಕಡೆಯಿಂದ ತಂಪು ಗಾಳಿ ಬಂತು. ಬತೂಲ್ ಮಂಚದ ಬಳಿ ನೆಲದ ಮೇಲೆ ಕುಸಿದು ಕೂತು ಅತ್ತೆಯ ಮೊಣಕಾಲಿಗೆ ತಲೆಯಿಟ್ಟಳು. ಮುದುಕಿಯ ಬೆರಳುಗಳು ಅವಳ ಒದ್ದೆ ಕೂದಲನ್ನು, ಕೆನ್ನೆಯನ್ನು, ಬೆಚ್ಚಗಿದ್ದ ಭುಜವನ್ನು ತಡವಿದವು.

"ಹಿತವಾಗಿತ್ತಾ?" ಎಂದು ಕೇಳಿದಳು.

"ಆಗಿತ್ತು ಅತ್ತೆ."

"ಹೂಂ." ಆಮೇಲೆ ಬಹಳ ಮೆಲ್ಲಗೆ, "ಬತೂಲ್, ನನ್ ಮಗ ಬರಲ್ಲ ಅಂತ ನಾನ್ ಬಾಯ್ಬಿಟ್ಟು ಹೇಳ್ಬಿಟ್ನಾ?"

"ಹೇಳಿದ್ರಿ."

"ಎಲ್ರಿಗೂ ಕೇಳಿಸ್ತಾ?"

"ಕೇಳಿಸ್ತು."

"ಹಾಗಾದ್ರೆ ನಿಜ ಆಯ್ತು," ಎಂದಳು ಸಿತ್ತನಾ. ಬಾಗಿ ಸೊಸೆಯ ಭುಜಕ್ಕೆ ಮುಖ ಒತ್ತಿ, ಇಷ್ಟು ವರ್ಷ ಅಳದೆ ಇಟ್ಟುಕೊಂಡಿದ್ದ ಅಳುವನ್ನು ಅಳತೊಡಗಿದಳು. ಬತೂಲ್ ಎದ್ದು ಮಂಚದ ಮೇಲೆ ಅವಳ ಪಕ್ಕದಲ್ಲಿ ಕೂತು, ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.